ಬೇಲಿಯೊಳಗೆ ಉಳಿದ ಅತ್ತೆ

ನಾನು ಓದಿದ್ದು ಹತ್ತನೇ ತರಗತಿವರೆಗೆ. ನಮ್ಮ ಜಿಲ್ಲೆಯ ತಾಲೂಕುಗಳನ್ನು ಹೇಳು ಎಂದರೆ ಈಗಲೂ ಬೆರಳು ಮಡಚಬೇಕು. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಸರ್ಕಾರ ಇಂಗ್ಲೆಂಡಿನ ಬಟ್ಟೆಯ ಮೇಲೆ ಯಾಕೆ ಸುಂಕ ಹಾಕಿತು, ರೈಲು ಕಂಪನಿಗಳಿಗೆ ಯಾವ ರೀತಿಯಲ್ಲಿ ಭೂಮಿ ಹಂಚಿತು ಎಂದು ಕೇಳಿದರೆ ಒಲೆ ಮುಂದೆ ನಿಂತಲ್ಲೇ ಹೇಳಬಲ್ಲೆ. ಈ ವಿದ್ಯೆಯಿಂದ ನನಗೆ ಯಾವ ಉಪಯೋಗವೂ ಆಗಿಲ್ಲ. ನಮ್ಮ ಮನೆಗೆ ಮಾತ್ರ ಆದದ್ದು ಸಣ್ಣ ನಷ್ಟವಲ್ಲ.

ನನ್ನ ಗಂಡ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಬಿ.ಎ. ಹುಡುಗರಿಗೆ ಇತಿಹಾಸ ಹೇಳುತ್ತಿದ್ದರು. ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ತೀರಿಕೊಂಡರು. ಸತ್ತ ಮೇಲೆ ತಾಯಿಯ ಪಕ್ಕದಲ್ಲಿ ಮಣ್ಣಾಗಬೇಕೆಂಬುದು ಅವರ ಆಸೆ. ತಾಯಿ ಇರುವುದು ಕುರುಗೋಡಿನ ಕಡೆ ನಮ್ಮ ಹೊಲದ ಮೂಲೆಯಲ್ಲಿ. ಹೊಲ ಈಗ ನಮ್ಮದಲ್ಲ, ಕಾರ್ಖಾನೆಯದು. ಅದನ್ನು ಕಾರ್ಖಾನೆಗೆ ಕೊಡಿಸಿದವರು ನನ್ನ ಗಂಡನೇ.

ಇದು ಹೇಗಾಯಿತು ಎಂದು ಹೇಳಬೇಕಾದರೆ ಅಮೆರಿಕಕ್ಕೆ ಹೋಗಿ ಬರಬೇಕು. ನಮ್ಮ ಮನೆಯಲ್ಲಿ ಎಲ್ಲಿಗೆ ಹೋಗಬೇಕಾದರೂ ಅದೇ ದಾರಿಯಾಗಿತ್ತು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅವರು ಮರುದಿನದ ಪಾಠವನ್ನು ಹಿಂದಿನ ಸಂಜೆ ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದರು. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದೆ.

"ನಿನಗ ತಿಳಿದ್ರ ಆ ಹುಡುಗರಿಗೂ ತಿಳಿತೈತಿ," ಎನ್ನುತ್ತಿದ್ದರು. ಇದು ಹೊಗಳಿಕೆಯೋ ಅಲ್ಲವೋ ಎಂದು ನಾನು ವಿಚಾರಿಸಲಿಲ್ಲ.

ಅವರ ಪಾಠದ ಅಮೆರಿಕ ಮೊದಲಿಗೆ ಬರೀ ಬೇಸಾಯದ ದೇಶ. ದಕ್ಷಿಣದಲ್ಲಿ ಗುಲಾಮರ ಕೈಯಿಂದ ಹತ್ತಿ ಬೆಳೆಸಿ ಇಂಗ್ಲೆಂಡಿಗೆ ಕಳಿಸುತ್ತಿತ್ತು. ಅದೇ ಹತ್ತಿ ಬಟ್ಟೆಯಾಗಿ ಬಂದಾಗ ದುಡ್ಡು ಕೊಟ್ಟು ಕೊಳ್ಳುತ್ತಿತ್ತು. ಆಮೇಲೆ ಸರ್ಕಾರಕ್ಕೆ ಬುದ್ಧಿ ಬಂತು. ಹೊರಗಿನ ಸರಕಿನ ಮೇಲೆ ಸುಂಕ ಏರಿಸಿತು, ಉತ್ತರದ ಗಿರಣಿಗಳು ಚೇತರಿಸಿಕೊಂಡವು. ದಕ್ಷಿಣದ ಹತ್ತಿಯ ದೊರೆಗಳು ಎಲ್ಲವನ್ನೂ ದುಬಾರಿಗೆ ಕೊಳ್ಳಬೇಕಾಯಿತೆಂದು ಸಿಟ್ಟಾದರು. ಆಮೇಲೆ ರೈಲು. ಸರ್ಕಾರದ ಕೈಯಲ್ಲಿ ದುಡ್ಡು ಕಡಿಮೆ, ಭೂಮಿ ಹೆಚ್ಚು. ಹಾಗಾಗಿ ಹಳಿಯ ಎರಡೂ ಪಕ್ಕದ ಭೂಮಿಯನ್ನು ಚದುರಂಗದ ಮಣೆಯ ಹಾಗೆ ಒಂದು ಚೌಕ ಬಿಟ್ಟು ಒಂದು ಚೌಕ ಕಂಪನಿಗಳಿಗೆ ಕೊಟ್ಟಿತು. ಅವು ಅದನ್ನು ಮಾರಿಕೊಂಡು ಹಳಿ ಹಾಕಿದವು. ಹಳಿ ಬಂದಲ್ಲಿ ಊರು ಬಂತು, ಊರಿಗೆ ಕಬ್ಬಿಣ ಬೇಕಾಯಿತು, ಕಬ್ಬಿಣಕ್ಕೆ ಕುಲುಮೆ ಎದ್ದಿತು.

"ಶತಮಾನ ಮುಗಿಯೋದ್ರಾಗ ಜಗತ್ತಿನ ದೊಡ್ಡ ಕಾರ್ಖಾನಿ ಅದು," ಎಂದು ಇಲ್ಲಿಗೆ ಬಂದಾಗ ಅವರು ಬಲಗೈ ಎತ್ತುತ್ತಿದ್ದರು. ಫ್ಯಾನಿಗೆ ತಗಲೀತೆಂದು ನನಗೆ ಭಯ.

ಒಂದು ಸಂಜೆ ಕೇಳಿದೆ. "ರೀ, ಆ ಚೌಕದಾಗ ಮೊದಲು ಯಾರಿದ್ರು?"

"ಇದ್ರು. ಅಲ್ಲಿಯ ಮೂಲದ ಜನ."

"ಅವರೇನಾದ್ರು?"

"ಸರ್ಕಾರದವರು ಅವರ ಜೋಡಿ ಕಾಗದ ಮಾಡಿಕೊಂಡ್ರು, ಆಮ್ಯಾಲ ಅದನ್ನ ಮುರದು ಆಚಿ ಕಳಸಿದ್ರು. ಅದು ಬ್ಯಾರೆ ಅಧ್ಯಾಯ."

"ಅದನ್ನ ಯಾವಾಗ ಹೇಳ್ತೀರಿ?"

"ಅದರಾಗ ಪ್ರಶ್ನಿ ಬರಂಗಿಲ್ಲ."

ನಾನು ಮತ್ತೆ ಅಕ್ಕಿಯ ಕಲ್ಲು ಹುಡುಕಿದೆ.

ಪಾಠವನ್ನು ಅವರು ಕಾಲೇಜಿನಲ್ಲೇ ಬಿಟ್ಟು ಬರುವವರಲ್ಲ. ಒಮ್ಮೆ ಅಂಗಡಿಯಿಂದ ಶೇಂಗಾ ಚಟ್ನಿಪುಡಿಯ ಪಾಕೀಟು ತಂದಿದ್ದಕ್ಕೆ ದೊಡ್ಡ ಭಾಷಣವಾಯಿತು. ಹೊರಗಿನ ಮಾಲು ಸಲೀಸಾಗಿ ಒಳಗೆ ಬಂದರೆ ಮನೆಯ ಕೈಗಾರಿಕೆ ಸಾಯುತ್ತದಂತೆ. ಆವತ್ತಿನಿಂದ ಹೊರಗಿನ ಪುಡಿಗೆ ನಮ್ಮ ಮನೆಯಲ್ಲಿ ನಿಷೇಧ. ರಕ್ಷಣೆ ಸಿಕ್ಕ ಕೈಗಾರಿಕೆ ಬೆಳಿಗ್ಗೆ ಎದ್ದು ಶೇಂಗಾ ಹುರಿದು, ಕುಟ್ಟಿ, ಬೆವರು ಒರೆಸಿಕೊಂಡು ನಾಷ್ಟಾ ಬಡಿಸುತ್ತಿತ್ತು. ಕೈಗಾರಿಕೆಗೆ ಏನು ಅನ್ನಿಸಿತು ಎಂದು ಸರ್ಕಾರ ಕೇಳಲಿಲ್ಲ.

ಇವರ ಪಾಠಕ್ಕೆ ಎದುರು ಮಾತಾಡುತ್ತಿದ್ದದ್ದು ನನ್ನ ಅಣ್ಣ ಒಬ್ಬನೇ. ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದ ಹತ್ತಿರ ಅವನದು ಭತ್ತದ ಗದ್ದೆ, ಜೊತೆಗೆ ಒಂದು ಹಳೆಯ ಸಣ್ಣ ಅಕ್ಕಿ ಮಿಲ್ಲು. ಸುಗ್ಗಿಯಾದ ಮೇಲೆ ನಮಗೆ ಅಕ್ಕಿ ಚೀಲ ತಂದು ಇಳಿಸಿ, ಅದರ ಮೇಲೇ ಕೂತು ವಾದಕ್ಕೆ ಇಳಿಯುತ್ತಿದ್ದ.

"ಹೊಸ ಕೈಗಾರಿಕಿ ಅಂದ್ರ ಎಳೇ ಕೂಸು ಇದ್ದಂಗ," ಇವರು ಹೇಳುತ್ತಿದ್ದರು. "ಕಾಲಿನ ಮ್ಯಾಲ ನಿಂದರೋ ತನಕ ಸರ್ಕಾರ ಕಾಪಾಡಬೇಕು. ಜಾಗ ಕೊಡಬೇಕು, ನೀರು ಕೊಡಬೇಕು, ತೆರಿಗಿ ಬಿಡಬೇಕು."

"ನಾ ಕಂಡಂಗ ಈ ಕೂಸುಗಳಿಗೆ ಮೀಸಿ ಬಂದಾವ, ಮೇಷ್ಟ್ರ. ಇನ್ನೂ ಬಾಟ್ಲಿ ಬಿಟ್ಟಿಲ್ಲ."

"ನಿಮಗ ದೊಡ್ಡದು ಕಾಣಂಗಿಲ್ಲ. ಗದ್ದಿ ಬದುವಿನ ಆಚಿ ನೋಡ್ರಿ."

"ಬದುವಿನ ಆಚೀನೂ ಗದ್ದಿನ ಐತಿ. ಅದರ ಆಚಿ ಹೊಳಿ ಐತಿ. ಒಂದು ವರ್ಷ ಅಕ್ಕಿ ದೇಶದ ಹೊರಗ ಕಳಸಬ್ಯಾಡ್ರಿ ಅಂತಾರ, ಇನ್ನೊಂದು ವರ್ಷ ಕಳಸ್ರಿ ಅಂತಾರ. ನಾ ಯಾವ ಅಧ್ಯಾಯದಾಗ ಬರ್ತೀನಿ, ಅಷ್ಟು ಹೇಳ್ರಿ."

ಇವರು ಅವನನ್ನು ಗೆಲ್ಲಲು ಕೊನೆಗೆ ನಮ್ಮ ಜಿಲ್ಲೆಯನ್ನೇ ಎಳೆದು ತರುತ್ತಿದ್ದರು. ಅಮೆರಿಕದ ಉತ್ತರದವರೂ ದಕ್ಷಿಣದವರೂ ಹೊಡೆದಾಡಿಕೊಂಡಾಗ ಇಂಗ್ಲೆಂಡಿಗೆ ಹತ್ತಿ ನಿಂತುಹೋಯಿತು, ಆಗ ನಮ್ಮ ಕಡೆಯ ಕರಿಮಣ್ಣಿನ ಹತ್ತಿಗೆ ಎಂದೂ ಕಾಣದ ಬೆಲೆ ಬಂತು, ಎಂದು. ಅಣ್ಣ ತಲೆದೂಗಿ, "ಹೊಡೆದಾಟ ನಿಂತ ಮ್ಯಾಲ?" ಎಂದು ಕೇಳಿದ. ಇವರು ಒಂದು ಲೋಟ ನೀರು ಕುಡಿದರು. ಯುದ್ಧ ನಿಂತ ಮೇಲೆ ಬೆಲೆಯೂ ನಿಂತಿತ್ತು.

ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಇರಲಾಗುತ್ತಿರಲಿಲ್ಲ. ಆದರೂ ಇವರು ನನ್ನ ತವರಿನಲ್ಲಿ ಒಂದು ರಾತ್ರಿ ಉಳಿದವರಲ್ಲ. ಹೆಂಡತಿಯ ಮನೆಯಲ್ಲಿ ಮಲಗುವುದು ಗಂಡಸಿಗೆ ಸಣ್ಣತನ ಎಂಬ ಒಂದು ಕಾನೂನು ಇವರ ಮನೆತನದಲ್ಲಿತ್ತು. ಕಾಲೇಜಿನ ಹುಡುಗರನ್ನು ಕಟ್ಟಿಕೊಂಡು ಕೆಂಚನಗುಡ್ಡದ ಹಳೆಯ ಕೋಟೆ ತೋರಿಸಲು ಹೋದಾಗಲೂ ಗೋಡೆಯ ನೆರಳಿನಲ್ಲಿ ಕೂತು ಡಬ್ಬಿ ಬಿಚ್ಚಿ ಉಂಡು ಬಂದರು. ಅಣ್ಣನ ಮನೆ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಆ ಮಾತನ್ನು ಅವನು ಬಹಳ ವರ್ಷ ಆಡಿಕೊಂಡ. "ಸತ್ತ ರಾಜರನ್ನ ನೋಡಾಕ ಬಂದ್ರು, ಬದುಕಿರೋ ನಾವು ಕಾಣಲಿಲ್ಲ."

ಹೀಗಿರುವಾಗ ಕುರುಗೋಡಿನ ಕಡೆ ದೊಡ್ಡ ಕಾರ್ಖಾನೆಗೆಂದು ಸರ್ಕಾರ ಭೂಮಿ ಕೇಳಿತು. ಇವರ ಅಣ್ಣ, ಅಂದರೆ ನನ್ನ ಬಾವನವರು, ಆ ಹೊಲ ಮಾಡಿಕೊಂಡು ಅಲ್ಲೇ ಇದ್ದವರು. ಅವರಿಗೆ ಮನಸ್ಸಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಹೊಲ ಇದ್ದವರು ತಮ್ಮ ಹೊಲದಲ್ಲೇ ಮಾಡುತ್ತಾರೆ. ಅತ್ತೆ ಮಾವ ಇಬ್ಬರೂ ಹೊಲದ ಮೂಲೆಯಲ್ಲಿ ಬೇವಿನ ಮರದ ಕೆಳಗಿದ್ದರು. ಪ್ರತಿ ವರ್ಷ ಹಿರಿಯರನ್ನು ನೆನೆಯುವ ಮಾನಮಿ ಅಮಾವಾಸ್ಯೆಗೆ ಎಡೆ ಒಯ್ಯುತ್ತಿದ್ದೆವು.

ಇವರು ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ ತಮ್ಮ ಅಣ್ಣನಿಗೆ ಅಮೆರಿಕ ಕಲಿಸಿದರು. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಹಳಿ ಬರೆದರು, ಚೌಕ ಬರೆದರು.

"ಇದು ಕೊಡೋದಲ್ಲಣ್ಣ, ಬಿತ್ತೋದು. ಕಾರ್ಖಾನಿ ಬಂದ್ರ ರೈಲು ಬರ್ತೈತಿ, ರೈಲು ಬಂದ್ರ ಊರು ಬೆಳಿತೈತಿ."

"ಅಪ್ಪ ಅವ್ವ ಮೂಲ್ಯಾಗ ಅದಾರಲ್ಲೋ ತಮ್ಮ."

"ಅಷ್ಟು ಜಾಗ ಬಿಡ್ತಾರ. ದಾರಿ ಸೈತ ಬಿಡ್ತಾರ. ಸಾಹೇಬ್ರು ನನ್ನ ಮುಂದನ ಹೇಳ್ಯಾರ."

ಭೂಮಿಯ ಕೆಲಸಕ್ಕೆ ಬಂದ ಸರ್ಕಾರದ ಸಾಹೇಬರು ನಮ್ಮ ಮನೆಯಲ್ಲೇ ಹೇಳಿದ್ದು ನಿಜ. ನಾನೇ ಚಹಾ ಕೊಟ್ಟಿದ್ದೆ. ಎದೆಯ ಮೇಲೆ ಕೈಯಿಟ್ಟು, "ತಂದಿ ತಾಯಿ ವಿಷಯ, ನಮಗೂ ತಿಳಿತೈತಿ," ಎಂದರು. ಇನ್ನೊಂದು ಲೋಟ ಕೇಳಿ ಕುಡಿದರು. ಜೀವನವಿಡೀ ಸರ್ಕಾರದ ಕಾಗದಗಳ ಪಾಠ ಹೇಳಿದ ನನ್ನ ಗಂಡ ಈ ಮಾತನ್ನು ಕಾಗದದಲ್ಲಿ ಬರೆಸಿಕೊಳ್ಳಲಿಲ್ಲ. ಎದೆ ಮುಟ್ಟಿಕೊಂಡ ಮನುಷ್ಯನ ಹತ್ತಿರ ಬರೆದು ಕೊಡು ಎನ್ನುವುದು ಹೇಗೆ ಎಂಬ ಸಂಕೋಚ. ಪ್ರಶ್ನೆ ಬಾರದ ಆ ಬೇರೆ ಅಧ್ಯಾಯವನ್ನು ಅವರು ಒಮ್ಮೆ ಓದಿದ್ದರೆ, ಅಲ್ಲಿ ಬರೆದುಕೊಟ್ಟ ಮಾತೇ ಉಳಿಯಲಿಲ್ಲ, ಇನ್ನು ಚಹಾದ ಮೇಲಿನ ಮಾತು ಉಳಿದೀತೇ ಎಂದು ತಿಳಿಯುತ್ತಿತ್ತೋ ಏನೋ.

ಬಾವನವರು ಸಹಿ ಹಾಕಿದರು. ಅವರನ್ನು ನೋಡಿ ಸುತ್ತಲಿನವರೂ ಹಾಕಿದರು. ಓದಿದ ಮನುಷ್ಯ ತನ್ನ ಹೊಲವನ್ನೇ ಕೊಟ್ಟಿದ್ದಾನೆ ಎಂದ ಮೇಲೆ ಇನ್ನೇನು.

ಆಮೇಲೆ ಪೆಂಡಾಲು ಹಾಕಿದರು, ಕಲ್ಲು ನೆಟ್ಟರು, ಮಾಲೆ ಹಾಕಿಕೊಂಡವರು ಭಾಷಣ ಮಾಡಿದರು. ಮುಳ್ಳುತಂತಿಯ ಬೇಲಿ ಬಂತು, ಗೇಟು ಬಂತು, ಗೇಟಿಗೊಂದು ಕೋಣೆ, ಕೋಣೆಗೊಬ್ಬ ಕಾವಲಿನವನು. ಕಾರ್ಖಾನೆ ಒಂದು ಬರಲಿಲ್ಲ. ಉತ್ತ ನೆಲವನ್ನು ಸುಮ್ಮನೆ ಬಿಟ್ಟರೆ ಏನು ಬರುತ್ತದೆಯೋ ಅದೇ ಬಂತು, ಬಳ್ಳಾರಿ ಜಾಲಿ. ಸುಂಕವಿಲ್ಲ, ಸಹಾಯಧನವಿಲ್ಲ, ಪುಕ್ಕಟೆ ನೀರಿಲ್ಲ, ಆದರೂ ಆಳೆತ್ತರ ಬೆಳೆಯಿತು. ಆ ಬೇಲಿಯೊಳಗೆ ತನ್ನ ಕಾಲ ಮೇಲೆ ನಿಂತ ಉದ್ಯಮ ಅದೊಂದೇ.

"ಅಮೆರಿಕದಾಗೂ ತಡ ಆಗಿತ್ತು," ಎನ್ನುತ್ತಿದ್ದರು ಇವರು. ಮೊದಲ ವರ್ಷ ಗಟ್ಟಿಯಾಗಿ ಹೇಳಿದರು. ವರ್ಷ ಕಳೆದ ಹಾಗೆ ದನಿ ಇಳಿಯಿತು. ಆಮೇಲೆ ಕುರುಗೋಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವುದನ್ನೇ ಬಿಟ್ಟರು.

ಬೇಲಿ ಬಂದ ಹೊಸದರಲ್ಲಿ ಒಂದು ಕಡೆ ತಂತಿ ಸಡಿಲವಿತ್ತು, ನುಸುಳಿ ಹೋಗಿ ಎಡೆ ಇಟ್ಟು ಬರುತ್ತಿದ್ದೆವು. ಆಮೇಲೆ ಅದನ್ನು ಬಿಗಿದರು. ಗೇಟಿನಲ್ಲಿ ಹೆಸರು ಬರೆದು ಹೋಗಬೇಕೆಂದರು. ಯಾರನ್ನು ಕಾಣಬೇಕು ಎಂಬ ಕಡೆ ಇವರು ದುಂಡಗಿನ ಅಕ್ಷರದಲ್ಲಿ "ತಾಯಿಯವರನ್ನು" ಎಂದು ಬರೆದರು. ಕಾವಲಿನವನು ಓದಿ, "ಅವರು ಯಾವ ಡಿಪಾರ್ಟ್‌ಮೆಂಟ್ ರಿ?" ಎಂದ. ಬಾವನವರು ಎಡೆಯ ಬುಟ್ಟಿ ಹಿಡಿದುಕೊಂಡೇ ನಕ್ಕರು. ಇವರು ನಗಲಿಲ್ಲ. ಮರಳಿ ಬರುವಾಗ ದಾರಿಯಲ್ಲಿ ನನಗೆ ಒಂದೇ ಮಾತು ಹೇಳಿದರು. "ನಾ ಹೋದಾಗ ಅಲ್ಲೇ ಇಡ್ರಿ. ಹೆಂಗಾರ ಮಾಡ್ರಿ."

ನಮಗೆ ಮಕ್ಕಳಿಲ್ಲ. ಹಾಗಾಗಿ ಆ "ಮಾಡ್ರಿ" ನನಗೇ ಹೇಳಿದ್ದು.

ಅವರು ಹೋದದ್ದು ಬೆಳಿಗ್ಗೆ, ಕುರ್ಚಿಯಲ್ಲಿ ಪೇಪರ್ ಓದುತ್ತಾ. ಹೃದಯ ನಿಂತಿತು ಎಂದರು ಡಾಕ್ಟರು. ಪೇಪರಿನಲ್ಲಿ ಯಾವ ಸುದ್ದಿ ಇತ್ತೆಂದು ಆಮೇಲೆ ನೋಡಿದೆ. ಹೊಸ ಕೈಗಾರಿಕಾ ನೀತಿಯ ಬಗ್ಗೆ ಏನೂ ಇರಲಿಲ್ಲ. ಅಷ್ಟರಮಟ್ಟಿಗೆ ಸಮಾಧಾನ.

ಮಧ್ಯಾಹ್ನದ ಹೊತ್ತಿಗೆ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಮಂಟಪ ಕಟ್ಟಿದ ಗಾಡಿಯಲ್ಲಿ ಕುರುಗೋಡಿನ ಕಡೆ ಹೊರಟೆವು. ಸಿರುಗುಪ್ಪದಿಂದ ನನ್ನ ಅಣ್ಣ ನೇರವಾಗಿ ಅಲ್ಲಿಗೇ ಬಂದಿದ್ದ. ಗೇಟಿನಲ್ಲಿ ಕಾವಲಿನವನು ಕೈ ಮುಗಿದ, ಆದರೆ ಗೇಟು ತೆಗೆಯಲಿಲ್ಲ.

"ಒಳಗ ಬಿಡಾಕ ಆರ್ಡರ್ ಇಲ್ರಿ. ಸಾಹೇಬ್ರು ಬರ್ತಾರ, ತಡೀರಿ."

ನಾವು ತಡೆದೆವು. ಸತ್ತವರೂ ತಡೆದರು. ಬೇಲಿಯ ಆಚೆ ಜಾಲಿಯ ಮೇಲೆ ಬೇವಿನ ಮರದ ತಲೆ ಕಾಣುತ್ತಿತ್ತು.

ಜೀಪಿನಲ್ಲಿ ಬಂದ ಸಾಹೇಬ ಇನ್ನೂ ಸಣ್ಣ ವಯಸ್ಸಿನವನು. ಗಾಡಿಯ ಹತ್ತಿರ ಬಂದವನೇ ಬೂಟು ಕಳಚಿ ಕೈ ಮುಗಿದ. ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

"ನಾ ಸಾರ್ ಸ್ಟೂಡೆಂಟ್ ರಿ, ಅಮ್ಮಾರ. ಅಮೆರಿಕಾ ಪೇಪರ್‌ನಾಗ ನನಗ ಚಲೋ ಮಾರ್ಕ್ಸ್ ಬಂದಿದ್ವು. ಅವರು ಹೇಳಿದ ಪಾಠ ಇನ್ನೂ ನೆನಪೈತಿ."

ನೆನಪಿತ್ತು, ಅನುಮಾನವಿಲ್ಲ. ಮುಂದಿನ ಮಾತಿನಲ್ಲೇ ಗೊತ್ತಾಯಿತು.

"ಆದ್ರ ಇದು ಕೈಗಾರಿಕಾ ಉದ್ದೇಶಕ್ಕ ಕೊಟ್ಟ ಭೂಮಿ ರಿ. ಬ್ಯಾರೆ ಉದ್ದೇಶಕ್ಕ ಬಳಸಾಕ ಬರಂಗಿಲ್ಲ."

"ಈಗ ಯಾವ ಉದ್ದೇಶಕ್ಕ ಬಳಸಾಕತ್ತೀರಿ?" ಎಂದ ನನ್ನ ಅಣ್ಣ, ಜಾಲಿಯ ಕಡೆ ನೋಡುತ್ತಾ.

ಸಾಹೇಬ ದೂರ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಬಂದವನ ಮುಖ ಸ್ವಲ್ಪ ಅರಳಿತ್ತು. ಮೇಲಿನವರು ದೊಡ್ಡ ಮನಸ್ಸು ಮಾಡಿದ್ದರು. ಇವತ್ತೊಂದು ದಿನ ಒಳಗೆ ಬಿಡುತ್ತಾರೆ, ತಾಯಿಯ ಪಕ್ಕದಲ್ಲೇ ಮಣ್ಣು ಮಾಡಬಹುದು. ಆದರೆ ಮನೆಯವರು ಒಂದು ಬರೆದುಕೊಡಬೇಕು. ಕಲ್ಲು ನಿಲ್ಲಿಸುವುದಿಲ್ಲ, ಗುರುತು ಮಾಡುವುದಿಲ್ಲ, ಇನ್ನು ಮುಂದೆ ಪೂಜೆ ಎಂದೋ ಎಡೆ ಎಂದೋ ಯಾರೂ ಒಳಗೆ ಬರುವುದಿಲ್ಲ ಎಂದು. ಈ ಮಾತನ್ನು ಮಾತ್ರ ಅವರು ಬಾಯಲ್ಲಿ ಒಪ್ಪಿಕೊಳ್ಳಲು ತಯಾರಿರಲಿಲ್ಲ. ಕಾಗದದಲ್ಲೇ ಬೇಕಂತೆ.

ಬಾವನವರು ನನ್ನ ಹತ್ತಿರ ಬಂದರು. 

"ಸಹಿ ಮಾಡಣವ್ವ. ಅವನ ಆಸಿ ಅದು. ಅವ್ವನ ಮಗ್ಗಲಕ ಹೋಗ್ತಾನ, ಅಷ್ಟು ಸಾಕು."

"ನಾ ಎಲ್ಲಿಗೆ ಬರಬೇಕು, ಬಾವಾರ?"

"ಗೇಟಿನಾಗ ನಿಂತು ಕೈ ಮುಗಿಯೋದು. ದೇವರು ಎಲ್ಲೆಲ್ಲೂ ಅದಾನ."

"ದೇವರಿಗಲ್ರಿ. ಇವರಿಗೆ."

 ನಾನು ಗಾಡಿಯ ಕಡೆ ನೋಡಿದೆ. ಇವರು ಕೂತೇ ಇದ್ದರು, ಕ್ಲಾಸಿನಲ್ಲಿ ಹುಡುಗರು ಉತ್ತರ ಹೇಳಲೆಂದು ಕಾಯುವ ಹಾಗೆ. ಮಗನನ್ನು ತಾಯಿಯ ಪಕ್ಕಕ್ಕೆ ಕಳಿಸಿದರೆ ಅವರ ಮಾತು ನಡೆಯುತ್ತದೆ. ಆಮೇಲೆ ಹೂವು ಹಿಡಿದು ಬರುವವಳು ನಾನೊಬ್ಬಳು. ಆ ಒಬ್ಬಳೂ ಬರಬಾರದೆಂದು ನಾನೇ ಬರೆದುಕೊಡಬೇಕು. ಅವರು ನನಗೆ ಬಹಳ ಪಾಠ ಹೇಳಿದ್ದಾರೆ, ಎಲ್ಲವನ್ನೂ ಕೇಳಿದ್ದೇನೆ. ಇದೊಂದನ್ನು ಕೇಳಲಾಗಲಿಲ್ಲ.

"ಸಹಿ ಬ್ಯಾಡ್ರಿ," ಎಂದೆ.

ಇವರ ಕಡೆಯವರಲ್ಲಿ ಗುಸುಗುಸು ಎದ್ದಿತು. ಸತ್ತವನ ಮಾತು ಮೀರುತ್ತಾಳೆ ಎಂದರು ಒಬ್ಬರು. ಬಳ್ಳಾರಿಗೆ ವಾಪಸು ಒಯ್ಯೋಣ ಎಂದರು ಇನ್ನೊಬ್ಬರು. ಆಗ ನನ್ನ ಅಣ್ಣ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಮ್ಮ ಕಣ ಐತಿ. ಎತ್ತರದ ಜಾಗ, ಗದ್ದಿ ನೀರು ಬರಂಗಿಲ್ಲ. ಅಲ್ಲಿಗೆ ನಡೀರಿ."

"ಮಾವನ ಮನಿ ಹೊಲದಾಗ ಅಳಿಯನ್ನ ಇಡೋದ?" ಎಂದರು ಬಾವನವರು. "ನಮ್ಮ ಮನೆತನದಾಗ ಇಲ್ಲ. ಜನ ಏನಂತಾರ?"

"ಏನಂತಾರ ನಾ ಹೇಳ್ತೀನಿ ಕೇಳ್ರಿ. ಬದುಕಿದ್ದಾಗ ಒಂದು ರಾತ್ರಿ ಉಳೀಲಿಲ್ಲ, ಈಗ ಎದ್ದು ಹೋಗದಂಗ ಬಂದ ಅಂತಾರ. ಅನ್ಲಿ. ನಾನೂ ಅಂತೀನಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅದು ಅಳುವೋ ನಗುವೋ, ಎರಡೂ ಇತ್ತು.

"ಮುಂದ ನೀವೂ ಬೇಲಿ ಹಾಕಿದ್ರ?" ಬಾವನವರು ಪೆಟ್ಟು ತಿಂದ ಮನುಷ್ಯನ ಹಾಗೆ ಕೇಳಿದರು.

"ನಾವು ಬೇಲಿ ಹಾಕೋದು ಎಮ್ಮಿ ಬರಬಾರದಂತ. ತಂಗಿ ಬರಬಾರದಂತ ಅಲ್ಲ."

ಎಲ್ಲರೂ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಕಡೆ ತಿರುಗಿದರು. ಅವರು ಹೊತ್ತು ನೋಡಿ, "ಬ್ಯಾಡ ಅಂತ ಎಲ್ಲೂ ಹೇಳಿಲ್ಲ. ಹೊತ್ತು ಮುಳುಗೋದ್ರಾಗ ನಡೀರಿ," ಎಂದರು. ಗಾಡಿ ತಿರುಗಿತು. ಸಾಹೇಬ ಬೂಟು ಹಾಕಿಕೊಳ್ಳದೆ ನಿಂತೇ ಇದ್ದ. ನನ್ನ ಗಂಡ ಕಲಿಸಿದ ಹುಡುಗರಲ್ಲಿ ಅವನೇನೂ ಕೆಟ್ಟವನಲ್ಲ. ಬರೀ ಶ್ರದ್ಧೆಯಿಂದ ಓದಿದವನು.

ಸಿರುಗುಪ್ಪದ ದಾರಿಯಲ್ಲಿ ಗದ್ದೆಗಳು ಶುರುವಾದವು. ಅಣ್ಣನ ಕಣದಲ್ಲಿ ಹೊತ್ತು ಮುಳುಗುವ ಮೊದಲು ಎಲ್ಲ ಮುಗಿಯಿತು. ಹಿಡಿಮಣ್ಣು ಹಾಕುವಾಗ ಬಾವನವರು ನನ್ನ ಅಣ್ಣನ ಕೈ ಹಿಡಿದುಕೊಂಡಿದ್ದರು.

ಅತ್ತೆ ಈಗಲೂ ಬೇಲಿಯೊಳಗೇ ಇದ್ದಾರೆ. ಈ ಸಲದ ಅಮಾವಾಸ್ಯೆಗೆ ಬಾವನವರು ಎಡೆ ಒಯ್ದರಂತೆ. ಸಾಹೇಬ ಬದಲಾಗಿದ್ದಾನೆ, ಹೊಸಬ ಇವರ ಪಾಠ ಕೇಳಿದವನಲ್ಲ, ಗೇಟಿನಿಂದಲೇ ವಾಪಸು ಕಳಿಸಿದನಂತೆ. ಕಾರ್ಖಾನೆ ಬರುತ್ತದೆ ಎಂದು ಪೇಪರಿನಲ್ಲಿ ಆಗಾಗ ಬರುತ್ತದೆ. ಸರ್ಕಾರ ಇನ್ನಷ್ಟು ರಿಯಾಯಿತಿ ಕೊಡುವುದಾಗಿ ಹೇಳಿದೆ. ಆ ಎಳೇ ಕೂಸಿಗೆ ಹಾಲು ಇನ್ನೂ ಸಾಕಾಗಿಲ್ಲ. ಇವರ ಆಸೆ ನಡೆಸಲಿಲ್ಲವಲ್ಲ ಎಂದು ಕೆಲವರು ನನ್ನ ಎದುರೇ ಹೇಳುತ್ತಾರೆ. ಹೌದು, ನಡೆಸಲಿಲ್ಲ. ಸೋಮವಾರ ಸೋಮವಾರ ಸಿರುಗುಪ್ಪದ ಬಸ್ಸು ಹತ್ತುತ್ತೇನೆ, ಯಾರೂ ಹೆಸರು ಕೇಳುವುದಿಲ್ಲ.

ಹೋದ ಸುಗ್ಗಿಯಲ್ಲಿ ನಾನು ಅಲ್ಲಿದ್ದಾಗಲೇ ಭತ್ತ ಕೊಯ್ಯುವ ಮಷೀನು ಬಂತು. ಗದ್ದೆಯಲ್ಲಿ ಕಣಕ್ಕೆ ಹತ್ತಿದ ಮೂಲೆಯಲ್ಲಿ ಅದಕ್ಕೆ ತಿರುಗಲು ಜಾಗ ಸಾಲಲಿಲ್ಲ. ಡ್ರೈವರ್ ಮಣ್ಣಿನ ಗುಪ್ಪೆ ತೋರಿಸಿ ಏನೋ ಕೂಗಿದ.

"ಸುತ್ತಿ ಹೋಗಲೇ," ಎಂದ ಅಣ್ಣ. "ನಮ್ಮ ಮೇಷ್ಟ್ರು ಅದಾರ ಅಲ್ಲಿ."

ಮಷೀನು ಸುತ್ತಿ ಹೋಯಿತು. ಅವರ ಪಕ್ಕದ ಒಂದು ಪಟ್ಟಿ ಭತ್ತ ಕೊಯ್ಯದೆ ಉಳಿಯಿತು. ಅತ್ತಿಗೆ ಕುಡುಗೋಲು ತಂದಳು. ನಾನು ಅದನ್ನು ಇಸಿದುಕೊಂಡು ಕೂತೆ, ಸಂಜೆಯವರೆಗೆ ನಿಧಾನವಾಗಿ ಕೊಯ್ದೆ.